ಬ್ಯಾರನ್‌ನ ಪತ್ರ ಮತ್ತು ಬ್ರೋಲಿಯೊದ ಮಣ್ಣು

ಇಟಲಿಯ ಟಸ್ಕನಿ ಪ್ರಾಂತ್ಯದಲ್ಲಿ, ಸಿಯೆನಾ ನಗರದ ಈಶಾನ್ಯಕ್ಕೆ ಹಬ್ಬಿರುವ ಕಿಯಾಂಟಿ ಗುಡ್ಡಗಳ ನಡುವೆ ಬ್ರೋಲಿಯೊ ಎಂಬ ಕೋಟೆಯಿದೆ. 1141ರಿಂದ ಇದು ರಿಕಾಸೋಲಿ ಮನೆತನದ ಕೈಯಲ್ಲಿದೆ. ಫ್ಲಾರೆನ್ಸ್ ಮತ್ತು ಸಿಯೆನಾ ಗಣರಾಜ್ಯಗಳು ಶತಮಾನಗಳ ಕಾಲ ಕಾದಾಡಿದ ಗಡಿಯಲ್ಲೇ ಇದ್ದುದರಿಂದ ಈ ಕೋಟೆ ಹಲವು ಬಾರಿ ಮುತ್ತಿಗೆಗೆ ಸಿಕ್ಕಿದೆ, ಒಡೆದಿದೆ, ಮತ್ತೆ ಕಟ್ಟಿಸಿಕೊಂಡಿದೆ. ಎರಡನೇ ಮಹಾಯುದ್ಧದ ಗುಂಡಿನ ಗುರುತುಗಳು ಗೋಡೆಯ ಮೇಲೆ ಈಗಲೂ ಉಳಿದಿವೆ. ಕೋಟೆಯ ಸುತ್ತಲಿನ ಎಸ್ಟೇಟಿನ ವಿಸ್ತೀರ್ಣ ಸುಮಾರು 1200 ಹೆಕ್ಟೇರ್. ಅದರಲ್ಲಿ ಹೆಚ್ಚಿನದು ಕಾಡು, ಸುಮಾರು 240 ಹೆಕ್ಟೇರಿನಷ್ಟು ದ್ರಾಕ್ಷಿ ತೋಟ, ಉಳಿದಂತೆ ಒಂದಿಷ್ಟು ಆಲಿವ್ ಮರಗಳು. ಇಷ್ಟು ಹಳೆಯ ಮನೆತನ, ಇಷ್ಟು ದೊಡ್ಡ ತೋಟ ಎಂಬ ಕಾರಣಕ್ಕೇ ಪ್ರವಾಸಿಗರು ಇಲ್ಲಿಗೆ ಬರುತ್ತಾರೆ. ವಿಜ್ಞಾನದ ದೃಷ್ಟಿಯಿಂದ ನೋಡುವವರಿಗೆ ಮಾತ್ರ ಇಲ್ಲಿನ ನಿಜವಾದ ಆಸ್ತಿ 1872ರ ಸೆಪ್ಟೆಂಬರ್ 26ರಂದು ಬರೆದ ಒಂದು ಪತ್ರ.

ಅದನ್ನು ಬರೆದವನು ಬ್ಯಾರನ್ ಬೆಟ್ಟಿನೊ ರಿಕಾಸೋಲಿ. 1809ರಲ್ಲಿ ಹುಟ್ಟಿದ ಈತ ಚಿಕ್ಕ ವಯಸ್ಸಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡು, ಸಾಲದಲ್ಲಿ ಮುಳುಗಿದ್ದ ಜಮೀನಿನ ಹೊಣೆ ಹೊತ್ತವನು. 1861ರಲ್ಲಿ ಮೊದಲ ಪ್ರಧಾನಿ ಕಾವೂರ್ ತೀರಿಕೊಂಡಾಗ ಆಗಷ್ಟೇ ಒಂದಾಗಿದ್ದ ಇಟಲಿಗೆ ಎರಡನೇ ಪ್ರಧಾನಿಯಾದ. 1866ರಲ್ಲಿ ಮತ್ತೊಮ್ಮೆ ಆ ಹುದ್ದೆಗೇರಿದ. ಶಿಸ್ತು ಮತ್ತು ಹಟಕ್ಕೆ ಹೆಸರಾಗಿದ್ದ ಇವನನ್ನು ಜನ ‘ಉಕ್ಕಿನ ಬ್ಯಾರನ್’ ಎಂದೇ ಕರೆಯುತ್ತಿದ್ದರು. ರಾಜಕಾರಣದಲ್ಲಿ ಇವನ ಅಧಿಕಾರಾವಧಿಗಳು ಎರಡೂ ಸೇರಿ ಎರಡು ವರ್ಷವನ್ನೂ ಮುಟ್ಟಲಿಲ್ಲ. ವೈನ್ ತಯಾರಿಕೆಯಲ್ಲಿ ನಡೆಸಿದ ಪ್ರಯೋಗಗಳಾದರೋ ದಶಕಗಳ ಕಾಲ ನಡೆದವು. ಟಸ್ಕನಿಯಲ್ಲಿ ಆಗ ಒಕ್ಕಲಿಗರು ಬೆಳೆಯ ಅರ್ಧ ಪಾಲನ್ನು ಧಣಿಗೆ ಕೊಡುವ ಕೋರು ಪದ್ಧತಿಯಿತ್ತು. ಒಂದೇ ಹೊಲದಲ್ಲಿ ಗೋಧಿ, ಆಲಿವ್, ದ್ರಾಕ್ಷಿ ಬೆರೆತು ಬೆಳೆಯುತ್ತಿದ್ದವು. ಯಾವ ತಳಿಯ ಹಣ್ಣಾದರೂ ಒಂದೇ ತೊಟ್ಟಿಗೆ ಬೀಳುತ್ತಿತ್ತು. ಬೆಟ್ಟಿನೊ ಫ್ರಾನ್ಸಿಗೆ ಹೋಗಿ ಅಲ್ಲಿನ ಕ್ರಮಗಳನ್ನು ನೋಡಿಬಂದು, ತಳಿಗಳನ್ನು ಬೇರ್ಪಡಿಸಿ, ಒಂದೊಂದರ ಗುಣವನ್ನೂ ಪ್ರತ್ಯೇಕವಾಗಿ ಗಮನಿಸತೊಡಗಿದ.

ಪೀಸಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಚೇಸರೆ ಸ್ತುದಿಯಾತಿಗೆ ಬರೆದ ಆ ಪತ್ರದಲ್ಲಿ ಫಲಿತಾಂಶದ ಸಾರವಿದೆ. ಸಾಂಜೊವೇಸೆ ತಳಿಯಿಂದ ವೈನಿಗೆ ಮುಖ್ಯವಾಗಿ ಪರಿಮಳವೂ ಒಂದು ಬಗೆಯ ಕಸುವೂ ಬರುತ್ತವೆ. ಕನಾಯೊಲೊ ತನ್ನ ಮೃದುತ್ವದಿಂದ ಸಾಂಜೊವೇಸೆಯ ಬಿರುಸನ್ನು ತಗ್ಗಿಸುತ್ತದೆ, ಪರಿಮಳವನ್ನು ಕೆಡಿಸುವುದಿಲ್ಲ. ಬಿಳಿಯ ತಳಿಯಾದ ಮಾಲ್ವಾಜಿಯಾ ಮೊದಲಿನ ಎರಡನ್ನು ತೆಳುಗೊಳಿಸಿ, ದಿನನಿತ್ಯದ ಊಟದ ಜೊತೆ ಬೇಗ ಕುಡಿಯಲು ಹದವಾಗುವ ಹಗುರ ವೈನನ್ನು ಕೊಡುತ್ತದೆ. ಇದರ ನಡುವೆಯೇ ಒಂದು ಉಪವಾಕ್ಯವಿದೆ: ಹಲವು ವರ್ಷ ಇಟ್ಟು ಪಕ್ವಗೊಳಿಸಬೇಕಾದ ವೈನಿಗೆ ಮಾಲ್ವಾಜಿಯಾ ಇಲ್ಲದಿದ್ದರೂ ನಡೆಯುತ್ತದೆ ಎಂದು. ಈ ಗುಡ್ಡಗಳ ಹೆಸರನ್ನೇ ಹೊತ್ತ ಕೆಂಪು ವೈನಾದ ಕಿಯಾಂಟಿಯ ಮುಂದಿನ ನೂರು ವರ್ಷದ ಚರಿತ್ರೆ ಎಂದರೆ, ನನ್ನ ಮಟ್ಟಿಗೆ, ಈ ಉಪವಾಕ್ಯ ಮರೆತುಹೋದ ಚರಿತ್ರೆ.

ಬ್ಯಾರನ್ ನಾಲಗೆಯಿಂದ ಕಂಡುಕೊಂಡದ್ದನ್ನು ಇಂದಿನ ರಸಾಯನಶಾಸ್ತ್ರ ಬಹಳಮಟ್ಟಿಗೆ ಒಪ್ಪುತ್ತದೆ. ಕೆಂಪು ವೈನಿನ ಬಣ್ಣವೂ ಒಗರೂ ಬರುವುದು ಹಣ್ಣಿನ ರಸದಿಂದಲ್ಲ, ಸಿಪ್ಪೆ ಮತ್ತು ಬೀಜದಿಂದ. ಸಿಪ್ಪೆಯಲ್ಲಿರುವ ಆಂಥೋಸಯನಿನ್ ಎಂಬ ವರ್ಣದ್ರವ್ಯಗಳು ಹುದುಗುವಿಕೆಯ ವೇಳೆ ರಸಕ್ಕಿಳಿಯುತ್ತವೆ. ಬಹುತೇಕ ಕೆಂಪು ತಳಿಗಳಲ್ಲಿ ಈ ಅಣುಗಳ ಒಂದು ಭಾಗಕ್ಕೆ ಅಸಿಟಿಕ್ ಅಥವಾ ಕೌಮಾರಿಕ್ ಆಮ್ಲದ ತುಣುಕುಗಳು ಅಂಟಿಕೊಂಡಿದ್ದು, ಬಣ್ಣವನ್ನು ಹೆಚ್ಚು ಕಾಲ ಕಾಪಾಡುತ್ತವೆ. ಸಾಂಜೊವೇಸೆಯಲ್ಲಿ ಇಂಥ ಅಣುಗಳು ಇಲ್ಲವೆನ್ನುವಷ್ಟು ಕಡಿಮೆ. ಮೇಲಾಗಿ ಆಮ್ಲಜನಕಕ್ಕೆ ಬೇಗ ಬಲಿಯಾಗುವ ಸಯನಿಡಿನ್ ಜಾತಿಯ ಬಣ್ಣದ ಪಾಲು ಅದರಲ್ಲಿ ಸಾಕಷ್ಟಿದೆ. ಆದ್ದರಿಂದ ಅಪ್ಪಟ ಸಾಂಜೊವೇಸೆ ವೈನ್ ಮಾಣಿಕ್ಯದ ಕೆಂಪಿನಲ್ಲಿ ತಿಳಿಯಾಗಿ ಕಾಣುತ್ತದೆ, ವರ್ಷ ಕಳೆದಂತೆ ಅಂಚಿನಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಸಾಂಜೊವೇಸೆ ಎಂದು ಹೇಳಿಕೊಂಡ ಬಾಟಲಿಯಲ್ಲಿ ಗಾಢ ನೇರಳೆ ಬಣ್ಣ ಕಂಡರೆ, ಅಂಥ ‘ಅಂಟಿದ’ ಅಣುಗಳನ್ನು ಅಳೆದು ಕಲಬೆರಕೆಯನ್ನು ಪತ್ತೆ ಹಚ್ಚುವುದು ಪ್ರಯೋಗಾಲಯಗಳಿಗೆ ಸಾಧ್ಯವಾಗಿರುವುದು ಇದೇ ಕಾರಣದಿಂದ. ಬಣ್ಣದಲ್ಲಿ ಬಡವಾದ ಈ ತಳಿ ಹುಳಿಯಲ್ಲೂ ಒಗರಿನಲ್ಲೂ ಶ್ರೀಮಂತವಾಗಿದೆ. ಎಳೆಯ ವೈನ್ ನಾಲಗೆಗೆ ಒರಟಾಗಿ ತಾಕುವುದು ಬೀಜ ಮತ್ತು ಸಿಪ್ಪೆಯಲ್ಲಿರುವ ಟ್ಯಾನಿನ್ ಎಂಬ ಒಗರು ದ್ರವ್ಯಗಳು ಲಾಲಾರಸದ ಪ್ರೋಟೀನಿಗೆ ಅಂಟಿಕೊಂಡು ಅದರ ಜಾರುಗುಣವನ್ನು ಕಿತ್ತುಕೊಳ್ಳುವುದರಿಂದ. ಬಿಳಿ ದ್ರಾಕ್ಷಿ ಬೆರೆಸಿದಾಗ ಟ್ಯಾನಿನ್ ತೆಳುವಾಗಿ ಈ ಒರಟುತನ ತಗ್ಗುತ್ತದೆ ಎಂಬುದು ನಿಜ. ಮೊದಲೇ ಕಡಿಮೆಯಿದ್ದ ಬಣ್ಣವೂ ಅದರೊಂದಿಗೆ ತೆಳುವಾಗುತ್ತದೆ ಎಂಬುದೂ ಅಷ್ಟೇ ನಿಜ.

ಅದೇ ಒರಟುತನವನ್ನು ಪಳಗಿಸಲು ಟಸ್ಕನಿಯ ರೈತರ ಬಳಿ ಇನ್ನೊಂದು ಉಪಾಯವಿತ್ತು. ಅದರ ಹೆಸರು ‘ಗೊವೆರ್ನೊ’. ಕೊಯ್ಲಿನ ವೇಳೆ ಒಂದಿಷ್ಟು ಗೊಂಚಲುಗಳನ್ನು ಬೇರೆ ತೆಗೆದು ಅಟ್ಟದಲ್ಲಿ ಒಣಹಾಕುತ್ತಿದ್ದರು. ತೊಟ್ಟಿಯ ವೈನ್ ಹುದುಗಿ ಮುಗಿಯುತ್ತ ಬಂದಾಗ, ನವೆಂಬರಿನ ಆಸುಪಾಸಿನಲ್ಲಿ, ಬಾಡಿ ಸಿಹಿಗಟ್ಟಿದ ಆ ಹಣ್ಣನ್ನು ಹಿಸುಕಿ ಅದಕ್ಕೆ ಸೇರಿಸಿದರೆ, ಚಳಿಗೆ ಮಂದವಾಗಿದ್ದ ಯೀಸ್ಟ್ ಹೊಸ ಸಕ್ಕರೆ ಸಿಕ್ಕಿ ಮತ್ತೆ ಚುರುಕಾಗುತ್ತಿತ್ತು. ಆ ಚಟುವಟಿಕೆಯಿಂದ ಹುಟ್ಟಿದ ಬಿಸಿಯಲ್ಲಿ ಬ್ಯಾಕ್ಟೀರಿಯಾ ಕೂಡ ಕೆಲಸ ಶುರುಮಾಡಿ, ಹಸಿ ಸೇಬಿನಲ್ಲಿರುವಂಥ ತೀಕ್ಷ್ಣ ಮ್ಯಾಲಿಕ್ ಆಮ್ಲವನ್ನು ಮೊಸರಿನಲ್ಲಿರುವ ಸೌಮ್ಯ ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸುತ್ತಿದ್ದವು. ಈ ಬದಲಾವಣೆಯಲ್ಲಿ ಇಂಗಾಲದ ಡೈ ಆಕ್ಸೈಡ್ ಬಿಡುಗಡೆಯಾಗುವುದರಿಂದ ವೈನಿಗೆ ಸಣ್ಣ ಚುರುಗುಟ್ಟುವಿಕೆಯೂ ಬರುತ್ತಿತ್ತು. ಬ್ಯಾಕ್ಟೀರಿಯಾದ ಹೆಸರೇ ಗೊತ್ತಿಲ್ಲದೆ ಅದಕ್ಕೆ ಬೇಕಾದ ವಾತಾವರಣವನ್ನು ಸಿದ್ಧಮಾಡಿಕೊಟ್ಟ ಈ ಜಾಣ್ಮೆ ನನಗೆ ಬ್ಯಾರನ್‌ನ ಸೂತ್ರದಷ್ಟೇ ಮೆಚ್ಚುಗೆಯಾಗುತ್ತದೆ. ಇಂದು ನೆಲಮಾಳಿಗೆಯ ಉಷ್ಣತೆಯನ್ನು ನಿಯಂತ್ರಿಸಿ ಅದೇ ಫಲವನ್ನು ಪಡೆಯಬಹುದಾದ್ದರಿಂದ ಗೊವೆರ್ನೊ ಅಪರೂಪವಾಗಿದೆ.

ಬ್ಯಾರನ್ 1880ರಲ್ಲಿ ಬ್ರೋಲಿಯೊದಲ್ಲೇ ತೀರಿಕೊಂಡ. ಆ ಹೊತ್ತಿಗೆ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬೇರು ಹೀರುವ ಕೀಟ ಇಟಲಿಗೂ ಕಾಲಿಟ್ಟಿತ್ತು. ಅದರಿಂದ ಪಾರಾಗಲು ಯುರೋಪಿನ ತಳಿಗಳನ್ನು ಅಮೆರಿಕದ ಕಾಡು ದ್ರಾಕ್ಷಿಯ ಬೇರಿಗೆ ಕಸಿ ಕಟ್ಟಬೇಕಾಯಿತು. ಹೊಸದಾಗಿ ನೆಡುವಾಗ ಟಸ್ಕನಿಯ ಬಹುಪಾಲು ರೈತರು ಮಾಲ್ವಾಜಿಯಾಕ್ಕಿಂತ ಹೆಚ್ಚು ಇಳುವರಿ ಕೊಡುವ, ರುಚಿಯಲ್ಲಿ ಸಪ್ಪೆಯಾದ ಟ್ರೆಬ್ಬಿಯಾನೊ ಎಂಬ ಬಿಳಿ ತಳಿಗೆ ಒಲಿದರು. 1967ರಲ್ಲಿ ಸರ್ಕಾರ ಕಿಯಾಂಟಿ ಹೆಸರಿಗೆ ಕಾನೂನಿನ ರಕ್ಷಣೆ ಕೊಟ್ಟಾಗ, ಆ ಹೊತ್ತಿಗೆ ತೋಟಗಳಲ್ಲಿ ಏನಿತ್ತೋ ಅದೇ ನಿಯಮವಾಯಿತು: ಸಾಂಜೊವೇಸೆ ಶೇ. 50ರಿಂದ 80, ಕನಾಯೊಲೊ ಶೇ. 10ರಿಂದ 30, ಬಿಳಿ ತಳಿಗಳು ಶೇ. 10ರಿಂದ 30. ಬ್ಯಾರನ್‌ನ ಸೂತ್ರವೇ ಇದರ ಆಧಾರ ಎಂದು ಹೇಳಲಾಯಿತು. ಬ್ಯಾರನ್ ತಳಿಗಳ ಸ್ವಭಾವವನ್ನು ವಿವರಿಸಿದ್ದ. ಬೇಗ ಕುಡಿಯುವ ವೈನಿಗೂ ಇಟ್ಟು ಕುಡಿಯುವ ವೈನಿಗೂ ವ್ಯತ್ಯಾಸ ತೋರಿಸಿದ್ದ. ಕಾನೂನು ಎರಡಕ್ಕೂ ಒಂದೇ ಅಳತೆಗೋಲು ಹಿಡಿದು, ಬಿಟ್ಟರೂ ನಡೆಯುತ್ತದೆ ಎಂದದ್ದನ್ನು ಕಡ್ಡಾಯ ಮಾಡಿತು.

ಇದರ ಪರಿಣಾಮ ವಿಚಿತ್ರವಾಗಿತ್ತು. ಕಿಯಾಂಟಿಯ ಒಳ್ಳೆಯ ಗುಡ್ಡದಲ್ಲಿ ಬೆಳೆದ ಅಪ್ಪಟ ಸಾಂಜೊವೇಸೆಯಿಂದ ಮಾಡಿದ ವೈನಿಗೆ ಕಿಯಾಂಟಿ ಎಂಬ ಹೆಸರಿಡುವುದು ಅಪರಾಧವಾಯಿತು. ಹಟವಾದಿ ತಯಾರಕರು ತಮ್ಮ ಅತ್ಯುತ್ತಮ ಬಾಟಲಿಗಳನ್ನು ‘ಊಟದ ಮೇಜಿನ ವೈನ್’ ಎಂಬ ತೀರಾ ಕೆಳದರ್ಜೆಯ ಹಣೆಪಟ್ಟಿಯೊಂದಿಗೆ ಮಾರಿದರು, ಜನ ಅವಕ್ಕೇ ಹೆಚ್ಚು ಬೆಲೆ ಕೊಟ್ಟು ಕೊಂಡರು. ಆಂಟಿನೋರಿ ಮನೆತನದ ತಿನ್ಯಾನೆಲ್ಲೊ ಇವುಗಳಲ್ಲಿ ಹೆಸರುವಾಸಿ. ನಿಯಮ ನಿಧಾನವಾಗಿ ಬಾಗಿತು: 1984ರಲ್ಲಿ ಬಿಳಿ ತಳಿಯ ಕಡ್ಡಾಯ ಪ್ರಮಾಣ ಬಹಳಷ್ಟು ಇಳಿಯಿತು, 1996ರಲ್ಲಿ ಕಿಯಾಂಟಿಯ ಹಳೆಯ ಮೂಲ ಪ್ರದೇಶವಾದ ಕಿಯಾಂಟಿ ಕ್ಲಾಸಿಕೊ ವಲಯದಲ್ಲಿ ನೂರಕ್ಕೆ ನೂರು ಸಾಂಜೊವೇಸೆಗೆ ಒಪ್ಪಿಗೆ ಸಿಕ್ಕಿತು, 2006ರ ಕೊಯ್ಲಿನಿಂದ ಅಲ್ಲಿ ಬಿಳಿ ದ್ರಾಕ್ಷಿ ಬೆರೆಸುವುದೇ ನಿಷಿದ್ಧವಾಯಿತು. ಕಡ್ಡಾಯದಿಂದ ನಿಷೇಧಕ್ಕೆ ಮೂವತ್ತೊಂಬತ್ತು ವರ್ಷ.

ಈ ನಡುವೆ ಬ್ರೋಲಿಯೊ ಕೂಡ ಕೈತಪ್ಪುವ ಹಂತಕ್ಕೆ ಬಂದಿತ್ತು. 1970ರ ದಶಕದಲ್ಲಿ ವೈನ್ ವ್ಯಾಪಾರ ಬಹುರಾಷ್ಟ್ರೀಯ ಮದ್ಯ ಕಂಪನಿಯಾದ ಸೀಗ್ರಾಮ್‌ನ ಪಾಲಾಯಿತು, ಆಮೇಲೆ ಮತ್ತೊಂದು ವಿದೇಶಿ ಕಂಪನಿಗೆ ಹೋಯಿತು. 1993ರಲ್ಲಿ, ಛಾಯಾಗ್ರಹಣವನ್ನು ವೃತ್ತಿ ಮಾಡಿಕೊಂಡಿದ್ದ ಫ್ರಾಂಚೆಸ್ಕೊ ರಿಕಾಸೋಲಿ ಅದನ್ನು ಮತ್ತೆ ಮನೆತನಕ್ಕೆ ತಂದುಕೊಂಡು, ಹಳೆಯ ಬಳ್ಳಿಗಳನ್ನು ಕಿತ್ತು ತೋಟವನ್ನು ಹೊಸದಾಗಿ ನೆಡಿಸತೊಡಗಿದರು. ಅವರ ಕಾಲದ ಮುಖ್ಯ ಕೆಲಸ ಮಣ್ಣಿನ ನಕ್ಷೆ. 2008ರ ಸುಮಾರಿಗೆ ಸಂಶೋಧಕರ ನೆರವಿನಿಂದ ಶುರುವಾದ ಅಧ್ಯಯನ ಎಸ್ಟೇಟಿನೊಳಗೆ ಐದು ಭೂರಚನೆಗಳನ್ನೂ 19 ಬಗೆಯ ಮಣ್ಣನ್ನೂ ಗುರುತಿಸಿತು. ಅವುಗಳಲ್ಲಿ ನಾಲ್ಕು ಹೀಗಿವೆ: ಮೇಲಿನ ಎತ್ತರದಲ್ಲಿ ‘ಮಾಚಿನ್ಯೊ’ ಎಂಬ ಮರಳುಗಲ್ಲು, ಅದರ ಆಚೀಚೆ ‘ಆಲ್ಬೆರೇಸೆ’ ಎಂಬ ಸುಣ್ಣಕಲ್ಲು, ಕೆಳಗೆ ಲಕ್ಷಾಂತರ ವರ್ಷಗಳ ಹಿಂದಿನ ಪ್ಲಯೋಸೀನ್ ಯುಗದ ಸಮುದ್ರ ಬಿಟ್ಟುಹೋದ ಮರಳು ಮತ್ತು ಉರುಟು ಕಲ್ಲು, ಇನ್ನೂ ಕೆಳಗೆ ಹಳೆಯ ನದಿಯೊಂದು ಹಾಸಿದ ನುಣುಪು ಮೆಕ್ಕಲು.

ಇಲ್ಲಿ ಒಂದು ಜನಪ್ರಿಯ ತಪ್ಪು ಕಲ್ಪನೆಯನ್ನು ಬದಿಗಿಡಬೇಕು. ಸುಣ್ಣಕಲ್ಲಿನ ರುಚಿ ವೈನಿನಲ್ಲಿ ಸಿಗುತ್ತದೆ ಎಂದು ಮಾರಾಟಗಾರರು ಹೇಳುವುದುಂಟು. ಬೇರು ಕಲ್ಲನ್ನು ಹೀರುವುದಿಲ್ಲ. ನೀರಿನಲ್ಲಿ ಕರಗಿದ ಅಯಾನುಗಳನ್ನು ಮಾತ್ರ, ಅದೂ ಆಯ್ದು, ಒಳಬಿಡುತ್ತದೆ. ಕಲ್ಲಿಗೆ ವಾಸನೆಯಿಲ್ಲ, ವೈನಿಗೆ ತಲುಪುವ ಖನಿಜದ ಪ್ರಮಾಣ ನಾಲಗೆಗೆ ತಿಳಿಯುವ ಮಟ್ಟದ್ದೂ ಅಲ್ಲ. ಮಣ್ಣು ತನ್ನ ಪ್ರಭಾವವನ್ನು ಬೀರುವುದು ಮುಖ್ಯವಾಗಿ ನೀರಿನ ಮೂಲಕ. ಸಾಂಜೊವೇಸೆ ಸೊಪ್ಪು ಹೆಚ್ಚಿಸುವುದರಲ್ಲಿ ಉತ್ಸಾಹಿ. ಮಣ್ಣಿನಲ್ಲಿ ನೀರೂ ಸಾರಜನಕವೂ ಧಾರಾಳವಾಗಿದ್ದರೆ ಚಿಗುರು ಬೆಳೆಯುತ್ತಲೇ ಇರುತ್ತದೆ, ಕಾಯಿ ಊದಿಕೊಳ್ಳುತ್ತದೆ, ಹಣ್ಣಾಗುವುದು ತಡವಾಗುತ್ತದೆ. ಕಾಯಿಗೆ ಬಣ್ಣ ತಿರುಗುವ ಹೊತ್ತಿಗೆ ನೀರು ಹಿತಮಿತವಾಗಿ ಕಡಿಮೆಯಾದರೆ ಚಿಗುರು ನಿಂತು, ಬಳ್ಳಿ ತಯಾರಿಸಿದ ಸಕ್ಕರೆಯೆಲ್ಲ ಹಣ್ಣಿಗೆ ಹರಿಯುತ್ತದೆ. ಹಣ್ಣು ಚಿಕ್ಕದಾದಷ್ಟೂ ರಸಕ್ಕೆ ಹೋಲಿಸಿದರೆ ಸಿಪ್ಪೆಯ ಪಾಲು ಹೆಚ್ಚು. ಬಣ್ಣ ಕಡಿಮೆಯಿರುವ ತಳಿಗೆ ಇದು ದೊಡ್ಡ ಲಾಭ.

ಈ ವಾದವನ್ನು ಬಾಟಲಿಯಲ್ಲೇ ಪರೀಕ್ಷಿಸಲು ಬ್ರೋಲಿಯೊ ಅವಕಾಶ ಕೊಡುತ್ತದೆ. ಕೊಲ್ಲೆದಿಲಾ, ರೊಂಚಿಕೋನೆ, ಚೆನಿಪ್ರಿಮೊ ಎಂಬ ಮೂರು ವೈನ್‌ಗಳಲ್ಲಿ ಮೂರೂ ಅಪ್ಪಟ ಸಾಂಜೊವೇಸೆ, ಮೂರೂ ಒಂದೇ ಎಸ್ಟೇಟಿನವು. ಮೊದಲನೆಯದು ಆಲ್ಬೆರೇಸೆ ಸುಣ್ಣಕಲ್ಲಿನ ಇಳಿಜಾರಿನದು, ಎರಡನೆಯದು ಸಮುದ್ರ ಬಿಟ್ಟ ನೆಲದ್ದು, ಮೂರನೆಯದು ನದಿಯ ಮೆಕ್ಕಲಿನದು. ತಳಿಯೂ ತಯಾರಕರೂ ಬದಲಾಗದೆ ನೆಲವೊಂದೇ ಬದಲಾಗುವ ಈ ಏರ್ಪಾಡು ಪ್ರಯೋಗಾಲಯದ ಪರೀಕ್ಷೆಯಷ್ಟು ಕಟ್ಟುನಿಟ್ಟಿನದಲ್ಲ, ಏಕೆಂದರೆ ತೋಟಗಳ ಎತ್ತರವೂ ಬಿಸಿಲಿನ ದಿಕ್ಕೂ ಬೇರೆ ಬೇರೆ. ಆದರೂ ತಳಿಗಳನ್ನು ಬೇರ್ಪಡಿಸಿ ನೋಡಿದ ಬ್ಯಾರನ್‌ನ ಕ್ರಮವನ್ನು ಮಣ್ಣಿಗೂ ವಿಸ್ತರಿಸಿದ್ದಾರೆ ಎಂದು ಧಾರಾಳವಾಗಿ ಹೇಳಬಹುದು.

ಸಾಂಜೊವೇಸೆಯ ವಂಶಾವಳಿಯೇ ಇನ್ನೂ ಪೂರ್ತಿ ಇತ್ಯರ್ಥವಾಗಿಲ್ಲ. ಟಸ್ಕನಿಯ ಚಿಲಿಯೆಜೊಲೊ ತಳಿಗೂ ಇದಕ್ಕೂ ತಂದೆ-ಮಕ್ಕಳ ಸಂಬಂಧವಿದೆ ಎಂದು ಡಿಎನ್ಎ ಪರೀಕ್ಷೆ ಹೇಳುತ್ತದೆ, ಆದರೆ ಯಾವುದು ತಂದೆ, ಯಾವುದು ಮಗು ಎಂಬಲ್ಲಿ ಸಂಶೋಧಕರು ಎರಡು ಪಂಗಡವಾಗಿದ್ದಾರೆ. ಒಂದು ಪಂಗಡದ ಪ್ರಕಾರ ಸಾಂಜೊವೇಸೆಯ ಇನ್ನೊಂದು ಹೆತ್ತ ತಳಿ ದಕ್ಷಿಣ ಇಟಲಿ ಮೂಲದ್ದು. ಹಾಗಿದ್ದರೆ ಟಸ್ಕನಿಯ ಹೆಮ್ಮೆಯ ಬಳ್ಳಿ ಅರ್ಧ ಪರಸ್ಥಳದ್ದು. ಅದು ಈಗ ಇನ್ನೂ ದೂರ ಬಂದಿದೆ: ನಮ್ಮ ವಿಜಯಪುರದ ನೆರೆಯ ಸೊಲ್ಲಾಪುರ ಜಿಲ್ಲೆಯ ಅಕಲೂಜಿನಲ್ಲಿ ಇಟಾಲಿಯನ್ ಪಾಲುದಾರಿಕೆಯ ಕಂಪನಿಯೊಂದು ಸಾಂಜೊವೇಸೆ ಬೆಳೆಯುತ್ತಿದೆ. ಅಲ್ಲಿ ಬಳ್ಳಿಯನ್ನು ನಿದ್ರೆಗೆ ಕಳಿಸುವ ಚಳಿಗಾಲವಿಲ್ಲದ್ದರಿಂದ ವರ್ಷಕ್ಕೆ ಎರಡು ಬಾರಿ ಬಳ್ಳಿ ಸವರಿ (ಚಾಟನಿ ಮಾಡಿ), ಬೇಸಿಗೆ ಬಲಿಯುವ ಮುನ್ನವೇ ಕೊಯ್ಲು ಮುಗಿಸುತ್ತಾರೆ.

ಬ್ರೋಲಿಯೊದ ಮುಂದಿರುವ ಪ್ರಶ್ನೆಯೂ ಬಿಸಿಲಿನದೇ. ಸಾಂಜೊವೇಸೆ ತಡವಾಗಿ ಹಣ್ಣಾಗುವ ತಳಿ. ಬ್ಯಾರನ್‌ನ ಕಾಲದಲ್ಲಿ ಅದು ಹಣ್ಣಾಗುವ ಮುನ್ನವೇ ಶರತ್ಕಾಲದ ಮಳೆ ಹಿಡಿದುಕೊಳ್ಳುತ್ತದೆಯೇ ಎಂಬ ಆತಂಕವಿತ್ತು. ಈಗಿನ ಬಿಸಿ ಬೇಸಿಗೆಗಳಲ್ಲಿ ಸಕ್ಕರೆ ಬೇಗ ಏರಿ ಹುಳಿ ಬೇಗ ಇಳಿಯುತ್ತದೆ, ಸಿಪ್ಪೆಯ ಬಣ್ಣ ಮತ್ತು ಬೀಜದ ಟ್ಯಾನಿನ್ ಆ ವೇಗಕ್ಕೆ ಸರಿಗಟ್ಟುವುದಿಲ್ಲ. ಸಕ್ಕರೆ ನೋಡಿ ಕೊಯ್ದರೆ ಬೀಜದ ಹಸಿ ಒಗರು ಉಳಿಯುತ್ತದೆ, ಬೀಜ ಬಲಿಯಲೆಂದು ಕಾದರೆ ವೈನಿನಲ್ಲಿ ಆಲ್ಕೋಹಾಲ್ ಹೆಚ್ಚುತ್ತದೆ. ಸುಲಭವಾಗಿ ಹಣ್ಣಾಗದೆಂದು ಹಿಂದಿನವರು ಹಿಂಜರಿಯುತ್ತಿದ್ದ ಎತ್ತರದ ತಂಪು ಇಳಿಜಾರುಗಳ ಕಡೆಗೆ ಕಿಯಾಂಟಿಯ ಬೆಳೆಗಾರರು ಈಗ ಹೊಸ ಆಸಕ್ತಿಯಿಂದ ನೋಡುತ್ತಿದ್ದಾರೆ.