ಪದ ಪರಿಚಯ: ಮಿಂಟ್‌ಬಾಡಿ

ಹೆಸರು ಕೇಳಿದರೆ ಪುದೀನ ಹಾಕಿದ ಯಾವುದೋ ಸೋಪು ಇರಬೇಕು ಅನಿಸುತ್ತದೆ, ಅಲ್ವಾ? ಪುದೀನಕ್ಕೂ ಇದಕ್ಕೂ ಸಂಬಂಧವಿಲ್ಲ. ‘ಮಾಡಿಫಿಕೇಶನ್ ಸ್ಪೆಸಿಫಿಕ್ ಇಂಟ್ರಾಸೆಲ್ಯುಲಾರ್ ಆಂಟಿಬಾಡಿ’ ಎಂಬ ಉದ್ದನೆಯ ಹೆಸರನ್ನು ಅಲ್ಲಲ್ಲಿ ಕತ್ತರಿಸಿ ಅಂಟಿಸಿದ್ದಾರೆ, ಅಷ್ಟೆ. ಬದುಕಿರುವ ಜೀವಕೋಶದ ಒಳಗೇ ಓಡಾಡಿಕೊಂಡು, ಒಂದು ಪ್ರೋಟೀನಿನಲ್ಲಿ ಆದ ಒಂದು ಸಣ್ಣ ಬದಲಾವಣೆಯನ್ನು ಗುರುತು ಹಿಡಿದು, ಅಲ್ಲಿ ಹೊಳೆಯುವ ಪ್ರತಿಕಾಯದ (ಆಂಟಿಬಾಡಿಯ) ತುಂಡಿಗೆ ಈ ಹೆಸರು.

ಯಾವ ಬದಲಾವಣೆ? ನಮ್ಮ ಒಂದೊಂದು ಕೋಶದಲ್ಲೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಇದೆ. ದಾರವನ್ನು ರೀಲಿಗೆ ಸುತ್ತಿದ ಹಾಗೆ ಅದು ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡಿರುತ್ತದೆ. ಈ ಹಿಸ್ಟೋನುಗಳಿಗೆ ಸಣ್ಣ ಬಾಲಗಳಿವೆ. ಕೋಶವು ಆ ಬಾಲಗಳಿಗೆ ಅಸಿಟೈಲ್, ಮೀಥೈಲ್, ಫಾಸ್ಫೇಟ್ ಎಂಬ ಪುಟ್ಟ ಗುಂಪುಗಳನ್ನು ತೊಡಿಸುತ್ತದೆ, ಬೇಡವಾದಾಗ ಕಳಚುತ್ತದೆ. ಎಚ್3 ಎಂಬ ಹಿಸ್ಟೋನಿನ ಬಾಲದ 9ನೇ ಜಾಗಕ್ಕೆ ಅಸಿಟೈಲ್ ಕೂತರೆ ಸಾಮಾನ್ಯವಾಗಿ ಅಲ್ಲಿನ ಜೀನ್ ಓದಲು ತೆರೆದುಕೊಂಡಿದೆ ಎಂದರ್ಥ. 10ನೇ ಜಾಗಕ್ಕೆ ಫಾಸ್ಫೇಟ್ ಜಾಸ್ತಿಯಾಗಿ ಕೂತರೆ ಕೋಶ ಎರಡಾಗಲು ಹೊರಟಿದೆ ಎಂದರ್ಥ. ಕ್ಯಾನ್ಸರ್ ಕೋಶಗಳಲ್ಲಿ ಇಂಥ ಗುರುತುಗಳ ಲೆಕ್ಕ ಎಷ್ಟೋ ಸಲ ತಪ್ಪಿರುತ್ತದೆ.

ಇದನ್ನು ನೋಡುವುದು ಹೇಗೆ? ಜೆಲ್ಲಿಮೀನಿನ ಹಸಿರು ಪ್ರೋಟೀನ್, ಅಂದರೆ ಜಿಎಫ್‌ಪಿ, ಇದೆಯಲ್ಲ. ಒಸಾಮು ಶಿಮೊಮುರಾ ಅದನ್ನು ಬೇರ್ಪಡಿಸಿದ ವಿಷಯ 1962ರಲ್ಲಿ ಹೊರಬಂತು. 2008ರಲ್ಲಿ ಅದಕ್ಕೆ ನೊಬೆಲ್ ಕೂಡ ಬಂತು. ಅದನ್ನು ಎಚ್3ಗೆ ಕಟ್ಟಿಬಿಟ್ಟರೆ? ಸುಮ್ನೆ ಇಡೀ ನ್ಯೂಕ್ಲಿಯಸ್ ಹಸಿರಾಗುತ್ತದೆ. ಮದುವೆಮನೆಯಲ್ಲಿ ಎಲ್ಲರ ಕೈಗೂ ಟಾರ್ಚ್ ಕೊಟ್ಟರೆ ಯಾರು ಎಲ್ಲಿದ್ದಾರೆ ಗೊತ್ತಾಗುತ್ತದೆ. ಯಾರು ಮೂಗುತಿ ಹಾಕಿದ್ದಾರೆ ಗೊತ್ತಾಗುವುದಿಲ್ಲ. ನಮಗೆ ಬೇಕಾದದ್ದು ಮೂಗುತಿ.

ಮೂಗುತಿ ಗುರುತಿಸುವ ಕಣ್ಣು ಪ್ರತಿಕಾಯಕ್ಕಿದೆ. ಅದಕ್ಕೆ ಹೊಳೆಯುವ ಬಣ್ಣ ಅಂಟಿಸಬಹುದು ಎಂದು ಹಾರ್ವರ್ಡ್‌ನ ಆಲ್ಬರ್ಟ್ ಕೂನ್ಸ್ ಮತ್ತು ಜೊತೆಗಾರರು 1941ರಲ್ಲೇ ತೋರಿಸಿದ್ದರು. ಆದರೆ ಪ್ರತಿಕಾಯ ಕೋಶದೊಳಗೆ ತಾನಾಗಿ ಹೋಗುವುದಿಲ್ಲ. ಹಾಗಾಗಿ ಇವತ್ತಿಗೂ ಹೆಚ್ಚಿನ ಲ್ಯಾಬುಗಳಲ್ಲಿ ಕೋಶವನ್ನು ಮೊದಲು ಫಾರ್ಮಾಲ್ಡಿಹೈಡ್‌ನಲ್ಲಿ ಗಟ್ಟಿ ಮಾಡಿ, ಡಿಟರ್ಜೆಂಟಿನಿಂದ ತೂತು ಮಾಡಿ, ಆಮೇಲೆ ಬಣ್ಣ ಹಾಕುತ್ತಾರೆ. ಕೋಶ ಅಷ್ಟರಲ್ಲಿ ಸತ್ತಿರುತ್ತದೆ. ಹತ್ತು ಗಂಟೆಗೆ ಒಂದು ತಟ್ಟೆ, ಹನ್ನೊಂದಕ್ಕೆ ಇನ್ನೊಂದು ತಟ್ಟೆ ಎಂದು ಬೇರೆ ಬೇರೆ ಕೋಶಗಳನ್ನು ನೋಡಬಹುದು. ಒಂದೇ ಕೋಶದ ಕತೆ ಪೂರ್ತಿ ಸಿಗುವುದಿಲ್ಲ.

ಜಪಾನಿನ ಹಿರೋಶಿ ಕಿಮುರಾ ಅವರ ತಂಡ ಹಿಡಿದದ್ದು ಬೇರೆ ದಾರಿ. ಇಡೀ ಪ್ರತಿಕಾಯದ ತೂಕ ಸುಮಾರು 150 ಕಿಲೊಡಾಲ್ಟನ್ (ಅಣುಗಳನ್ನು ತೂಗುವ ಅಳತೆ). ಇದು ನ್ಯೂಕ್ಲಿಯಸ್ಸಿನ ಬಾಗಿಲಲ್ಲಿ ತಾನಾಗಿ ತೂರುವುದಿಲ್ಲ. ಆದರೆ ಗುರುತು ಹಿಡಿಯುವ ಕೈಯನ್ನಷ್ಟೇ ಕತ್ತರಿಸಿಕೊಂಡರೆ ಸುಮಾರು 50. ಈ ತುಂಡಿಗೆ ಫ್ಯಾಬ್ ಎನ್ನುತ್ತಾರೆ. ಪ್ರತಿಕಾಯವನ್ನು ಹೀಗೆ ಕತ್ತರಿಸಬಹುದು ಎಂದು 1959ರಲ್ಲಿ ತೋರಿಸಿದವರು ರಾಡ್ನಿ ಪೋರ್ಟರ್. ಅವರ ಕತ್ತರಿ ಯಾವುದು ಗೊತ್ತಾ? ಪರಂಗಿಕಾಯಿ ಹಾಲಿನಲ್ಲಿರುವ ಪಪೈನ್. ಮಟನ್ ಬೇಗ ಬೇಯಲಿ ಎಂದು ಕಾಯಿ ಪರಂಗಿ ಅರೆದು ಹಚ್ಚುತ್ತಾರಲ್ಲ, ಅದೇ.

ಬಣ್ಣ ಹಚ್ಚಿದ ಫ್ಯಾಬನ್ನು ಕೋಶದೊಳಗೆ ಕಳಿಸುವ ಉಪಾಯ ಕೇಳಿದರೆ ನಗು ಬರುತ್ತದೆ. ಕೋಶಗಳ ಮೇಲೆ ಫ್ಯಾಬ್ ಹಾಕಿ, ಸಣ್ಣ ಗಾಜಿನ ಮಣಿಗಳನ್ನು ಉದುರಿಸಿ, ತಟ್ಟೆಯನ್ನು ಮೇಜಿಗೆ ನಾಲ್ಕಾರು ಸಲ ಕುಟ್ಟುವುದು. ಕೋಶದ ಪೊರೆ ಕ್ಷಣಕಾಲ ಹರಿದು ಫ್ಯಾಬ್ ಒಳಗೆ ನುಗ್ಗುತ್ತದೆ. ಪೊರೆ ಮತ್ತೆ ಕೂಡಿಕೊಳ್ಳುತ್ತದೆ. ಇಷ್ಟು ಒರಟು ಕೆಲಸದಿಂದ ಅಷ್ಟು ನಾಜೂಕಿನ ಚಿತ್ರ!

2009ರಲ್ಲಿ ಈ ತಂಡ ಎಚ್3ರ 10ನೇ ಜಾಗದ ಫಾಸ್ಫೇಟನ್ನು ಹೀಗೆ ನೋಡಿತು. ವರ್ಣತಂತುಗಳನ್ನು, ಅಂದರೆ ಡಿಎನ್‌ಎಯ ಕಟ್ಟುಗಳನ್ನು, ಹಂಚುವಾಗ ಆಗಾಗ ಎಡವುವ ಕ್ಯಾನ್ಸರ್ ಕೋಶಗಳಲ್ಲಿ ಈ ಗುರುತು ಬಂದದ್ದು ವರ್ಣತಂತು ಗಟ್ಟಿಯಾಗುವ ತುಸು ಮೊದಲು, ಕೊನೆ ಗಳಿಗೆಯಲ್ಲಿ. ಕ್ಯಾನ್ಸರ್ ಅಲ್ಲದ ಕೋಶಗಳಲ್ಲಿ ಹಾಗಲ್ಲ. ವಿಭಜನೆ ಶುರುವಾಗುವ ಮೊದಲೇ ಕೆಲವು ಗಂಟೆ ಸಣ್ಣ ಚುಕ್ಕೆಗಳಾಗಿ ಕಾಣಿಸಿತು. ಫಾಸ್ಫೇಟ್ ತೊಡಿಸುವ ಅರೋರಾ ಬಿ ಎಂಬ ಕಿಣ್ವವನ್ನು ಆ ಗಂಟೆಗಳಲ್ಲಿ ಮಾತ್ರ ತಡೆದು ನೋಡಿದರು. ಸರಿಯಿದ್ದ ಕೋಶಗಳೂ ವರ್ಣತಂತು ಹಂಚುವಾಗ ತಪ್ಪಿದವು. ಇಂಥದ್ದು ಸತ್ತ ಕೋಶಗಳ ಚಿತ್ರಗಳಿಂದ ಸುಲಭಕ್ಕೆ ಹೊಳೆಯುವ ಸಂಗತಿಯಲ್ಲ. ಯಾವ ಕೋಶ ಯಾವಾಗ ಏನು ಮಾಡಿತು ಎಂದು ಕಾದು ನೋಡಬೇಕು.

ಫ್ಯಾಬಿಗೆ ಒಂದು ತೊಂದರೆ ಇದೆ. ಕೋಶ ಎರಡಾದಾಗಲೆಲ್ಲ ಅದೂ ಹಂಚಿಹೋಗಿ ತೆಳುವಾಗುತ್ತದೆ. ಹಾಗಾದರೆ ಕೋಶವೇ ಅದನ್ನು ತಯಾರಿಸಿಕೊಳ್ಳಲಿ ಎಂದು ಹುಟ್ಟಿದ್ದು ಮಿಂಟ್‌ಬಾಡಿ. ಪ್ರತಿಕಾಯದಲ್ಲಿ ಭಾರದ ಸರ, ಹಗುರ ಸರ ಎಂದು ಎರಡು ಬಗೆಯ ಪ್ರೋಟೀನ್ ಸರಗಳಿವೆ. ಅವುಗಳ ಗುರುತು ಹಿಡಿಯುವ ತುದಿಗಳೆರಡನ್ನು ಒಂದೇ ಸರವಾಗಿ ಹೊಲಿದು, ಹಿಂದೆ ಜಿಎಫ್‌ಪಿ ಕಟ್ಟಿ, ಆ ಜೀನನ್ನು ಕೋಶಕ್ಕೆ ಕೊಡುವುದು. 9ನೇ ಜಾಗದ ಅಸಿಟೈಲ್ ಗುರುತಿಸುವ ಮಿಂಟ್‌ಬಾಡಿ 2013ರಲ್ಲಿ ಪ್ರಕಟವಾಯಿತು. ಹಣ್ಣುನೊಣ ಮತ್ತು ಜೀಬ್ರಾಮೀನಿನ ಭ್ರೂಣಗಳಲ್ಲೂ ಅದು ಕೆಲಸ ಮಾಡಿತು.

ಹೇಳಿದಷ್ಟು ಸುಲಭವಲ್ಲ. ಪ್ರತಿಕಾಯ ಮಡಚಿಕೊಂಡು ನಿಲ್ಲಲು ಗಂಧಕದ ಕೊಂಡಿಗಳು ಬೇಕು. ಕೋಶದೊಳಗಿನ ವಾತಾವರಣದಲ್ಲಿ ಆ ಕೊಂಡಿಗಳು ಕೂಡಿಕೊಳ್ಳುವುದಿಲ್ಲ. ಹಾಗಾಗಿ ಹೊರಗೆ ಚೆನ್ನಾಗಿದ್ದ ಎಷ್ಟೋ ಪ್ರತಿಕಾಯಗಳು ಒಳಗೆ ಮುದ್ದೆಯಾಗಿ ಬೀಳುತ್ತವೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇನ್ನೊಂದು ಸಂಗತಿ. ಪ್ರತಿಕಾಯ ಎಂದರೆ ಗಟ್ಟಿಯಾಗಿ ಹಿಡಿದಷ್ಟೂ ಒಳ್ಳೆಯದು ಅಂದುಕೊಂಡಿರುತ್ತೇವೆ. ಇಲ್ಲಿ ಉಲ್ಟಾ. ಗುರುತಿನ ಮೇಲೆ ಕೂತು ಬಿಟ್ಟುಕೊಡದಿದ್ದರೆ ಆ ಗುರುತನ್ನು ಓದಬೇಕಾದ ಕೋಶದ ಸ್ವಂತ ಪ್ರೋಟೀನುಗಳಿಗೆ ದಾರಿಯೇ ಇಲ್ಲ. ನೋಡಲು ಬಂದವರೇ ಕೆಲಸ ಕೆಡಿಸಿದ ಹಾಗೆ. ಒಳ್ಳೆಯ ಮಿಂಟ್‌ಬಾಡಿ ಕೆಲವೇ ಸೆಕೆಂಡು ಮುಟ್ಟಿ ಕೈಬಿಡುತ್ತದೆ. ಇನ್ನೊಂದು ಬಂದು ಮುಟ್ಟುತ್ತದೆ. ಗುರುತು ಜಾಸ್ತಿಯಾದರೆ ಸುತ್ತಲಿನ ಮಿಂಟ್‌ಬಾಡಿಗಳು ನ್ಯೂಕ್ಲಿಯಸ್ಸಿಗೆ ಬಂದು ಸೇರುತ್ತವೆ, ಅದು ಹೊಳೆಯುತ್ತದೆ. ಕಡಿಮೆಯಾದರೆ ಹೊರಗೆ ಚದುರುತ್ತವೆ. ಒಳಗಿನ ಹೊಳಪನ್ನು ಹೊರಗಿನದಕ್ಕೆ ಹೋಲಿಸಿದರೆ ಲೆಕ್ಕ ಸಿಕ್ಕಿತು.

ಔಷಧ ಪರೀಕ್ಷೆಗೆ ಇದು ಉಪಯೋಗ. ಅಸಿಟೈಲ್ ಕಳಚುವ ಕಿಣ್ವಗಳನ್ನು ತಡೆಯುವ ಔಷಧಗಳಿವೆ. ಅವುಗಳಲ್ಲಿ ವೊರಿನೊಸ್ಟಾಟ್ ಎಂಬುದಕ್ಕೆ ಚರ್ಮದ ಒಂದು ಬಗೆಯ ಲಿಂಫೋಮಾ ಎಂಬ ಕ್ಯಾನ್ಸರಿಗೆ ಕೊಡಲು 2006ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಇಂಥ ಔಷಧ ಹಾಕಿದಾಗ ಕ್ಯಾನ್ಸರ್ ಕೋಶದಲ್ಲಿ ಅಸಿಟೈಲ್ ಏರುವುದನ್ನು ತಟ್ಟೆಯಲ್ಲೇ, ಕೋಶ ಬದುಕಿರುವಾಗಲೇ ನೋಡಬಹುದು. ರೋಗಿಯ ಮೈಯಲ್ಲಿ ನೋಡುವ ಸಾಧನ ಇದಲ್ಲ, ಲ್ಯಾಬಿನದು.

ಕೊನೆಗೆ ಒಂದು ಗೊಂದಲ. ನ್ಯಾನೊಬಾಡಿ ಎಂಬ ಪದವೂ ಇದರ ಪಕ್ಕದಲ್ಲೇ ಸಿಗುತ್ತದೆ. ಎರಡೂ ಒಂದೇ ಅಲ್ಲ. ನ್ಯಾನೊಬಾಡಿ ಬಂದದ್ದು ಒಂಟೆ ಜಾತಿಯ ಪ್ರಾಣಿಗಳಿಂದ. ಅವುಗಳ ಕೆಲವು ಪ್ರತಿಕಾಯಗಳಲ್ಲಿ ಹಗುರ ಸರವೇ ಇಲ್ಲ ಎಂದು ಬ್ರಸೆಲ್ಸ್‌ನ ವಿಜ್ಞಾನಿಗಳು 1993ರಲ್ಲಿ ತಿಳಿಸಿದರು. ಅದರ ತುದಿಯೊಂದೇ ಸಾಕು, ಬರೀ 15 ಕಿಲೊಡಾಲ್ಟನ್, ಹೊಲಿಯುವ ಗೋಜೂ ಇಲ್ಲ. ಕಿಮುರಾ ಅವರ ಮಿಂಟ್‌ಬಾಡಿಗೆ ಮೂಲ ಇಲಿಯ ಪ್ರತಿಕಾಯ.