ಮೇಲ್‌ನಲ್ಲಿರೋ ಲಿಂಕ್ ತೆರೀತಿಲ್ವಾ? ಫಾರ್ಮ್ಯಾಟ್ ಮಾಡಿಸಬೇಡಿ

ನಮ್ಮ ಚಿಕ್ಕಪ್ಪನ ಕಂಪ್ಯೂಟರಿನಲ್ಲಿ ಮೇಲ್ ಬರುತ್ತಿತ್ತು, ಓದಲೂ ಆಗುತ್ತಿತ್ತು. ಆದರೆ ಅದರೊಳಗಿನ ನೀಲಿ ಲಿಂಕ್ ಒತ್ತಿದರೆ ಏನೂ ಆಗುತ್ತಿರಲಿಲ್ಲ. ರಿಪೇರಿಯವರು ನೋಡಿ, ವೈರಸ್ ಬಂದಿದೆ, ಫಾರ್ಮ್ಯಾಟ್ ಮಾಡಬೇಕು ಅಂದರು. ಹತ್ತು ವರ್ಷದ ಫೋಟೋಗಳು ಅದರಲ್ಲೇ ಇದ್ದವು! ಕಾರಣ ಹುಡುಕದೆ ಫಾರ್ಮ್ಯಾಟ್ ಮಾಡಿಸುವುದು ಜ್ವರ ಬಂದ ಮಗುವಿಗೆ ಸುಮ್ನೆ ದೃಷ್ಟಿ ತೆಗೆದ ಹಾಗೆ. ಇದನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಮೊದಲು ಒಂದು ಪರೀಕ್ಷೆ ಮಾಡಿ. ಲಿಂಕ್ ಮೇಲೆ ಬಲಗುಂಡಿ ಒತ್ತಿ, ವಿಳಾಸ ಕಾಪಿ ಮಾಡಿ, ಬ್ರೌಸರಿನಲ್ಲಿ ಪೇಸ್ಟ್ ಮಾಡಿ. ಪುಟ ತೆರೆಯಿತಾ? ಹಾಗಾದರೆ ನೆಟ್ ಸರಿಯಿದೆ, ಆ ವೆಬ್‌ಸೈಟೂ ಸರಿಯಿದೆ. ಕೆಟ್ಟಿರುವುದು ಮಧ್ಯದ ಕೈಬದಲಾವಣೆ ಮಾತ್ರ.

ಈ ಕೈಬದಲಾವಣೆ ತುಂಬಾ ಚೆಂದದ ವ್ಯವಸ್ಥೆ. ಮೇಲ್ ಪ್ರೋಗ್ರಾಂ ಸಾಮಾನ್ಯವಾಗಿ ವೆಬ್ ಪುಟವನ್ನು ತಾನೇ ತೆರೆಯುವುದಿಲ್ಲ. ವಿಳಾಸವನ್ನು ವಿಂಡೋಸ್ ಕೈಗೆ ಕೊಟ್ಟು ಸುಮ್ಮನಾಗುತ್ತದೆ. ವಿಂಡೋಸ್ ಮೊದಲು ನೋಡುವುದು ಕೋಲನ್ ಚಿಹ್ನೆಗಿಂತ ಹಿಂದಿನ ಅಕ್ಷರಗಳನ್ನು. ಎಚ್‌ಟಿಟಿಪಿಎಸ್ ಅಂತಿದ್ದರೆ ಬ್ರೌಸರಿಗೆ, ಮೇಲ್‌ಟು ಅಂತಿದ್ದರೆ ಮೇಲ್ ಪ್ರೋಗ್ರಾಂಗೆ. ನಮ್ಮ ಪಿನ್‌ಕೋಡ್ ಕೂಡ ಹೀಗೇ ಅಲ್ವಾ? 1972ರ ಆಗಸ್ಟ್ 15ರಂದು ಬಂದ ಆ ಆರು ಅಂಕಿಗಳಲ್ಲಿ ಮೊದಲನೆಯದು 5 ಅಂತಿದ್ದರೆ ಸಾಕು, ಕಾಗದ ಕರ್ನಾಟಕ, ಆಂಧ್ರ, ತೆಲಂಗಾಣದ ಕಡೆಯದು ಅಂತ ಗೊತ್ತಾಗುತ್ತದೆ. ಓಣಿ, ಮನೆ ನಂಬರು ಎಲ್ಲಾ ಆಮೇಲೆ.

ಎಚ್‌ಟಿಟಿಪಿಎಸ್ ಯಾರ ಪಾಲು ಅಂತ ವಿಂಡೋಸ್ ತನ್ನ ರಿಜಿಸ್ಟ್ರಿಯಲ್ಲಿ, ಅಂದರೆ ಸೆಟ್ಟಿಂಗುಗಳ ದಾಖಲೆ ಪುಸ್ತಕದಲ್ಲಿ, ಬರೆದಿಟ್ಟಿರುತ್ತದೆ. ಚಿಕ್ಕಪ್ಪ ಹಿಂದಿನ ವಾರ ಹಳೇ ಬ್ರೌಸರ್ ಒಂದನ್ನು ತೆಗೆದುಹಾಕಿದ್ದರು. ಪ್ರೋಗ್ರಾಂ ಹೋಯಿತು, ಹೆಸರು ಮಾತ್ರ ಉಳಿಯಿತು. ಟಿಸಿ ತಗೊಂಡು ಹೋದ ಹುಡುಗನ ಹೆಸರನ್ನು ಮೇಷ್ಟ್ರು ಹಾಜರಿಯಲ್ಲಿ ಕೂಗುತ್ತಲೇ ಇದ್ದರೆ 'ಪ್ರೆಸೆಂಟ್ ಸಾರ್' ಅನ್ನುವವರು ಯಾರು? ಮನೆ ಖಾಲಿ ಮಾಡಿದವರ ಬಾಗಿಲಿಗೆ ಪೋಸ್ಟ್‌ಮ್ಯಾನ್ ದಿನಾ ಬಂದು ಕಾಗದ ಹಾಕಿ ಹೋದ ಹಾಗೆ, ಪ್ರತಿ ಕ್ಲಿಕ್ಕೂ ಅಲ್ಲಿಗೇ ಹೋಗಿ ಬೀಳುತ್ತಿತ್ತು.

ಸೆಟ್ಟಿಂಗ್ಸ್, ಆ್ಯಪ್ಸ್, ಡಿಫಾಲ್ಟ್ ಆ್ಯಪ್ಸ್ ತೆರೆದು ಈಗಿರುವ ಬ್ರೌಸರನ್ನು ಆರಿಸಿದೆ. ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್ ಎರಡರ ಮುಂದೆಯೂ, ಜೊತೆಗೆ ಎಚ್‌ಟಿಎಂಎಲ್ ಫೈಲುಗಳ (ಕಂಪ್ಯೂಟರಿನಲ್ಲಿ ಉಳಿಸಿಟ್ಟ ವೆಬ್ ಪುಟಗಳ) ಮುಂದೆಯೂ ಅದರ ಹೆಸರೇ ಬರಬೇಕು. ಕೊನೆಯದನ್ನು ಜನ ಮರೆಯುವುದೇ ಜಾಸ್ತಿ. ಎರಡು ನಿಮಿಷದ ಕೆಲಸ, ಒಂದು ಫೋಟೋನೂ ಹೋಗಲಿಲ್ಲ. ನೀವು ಮೇಲ್ ಓದುವುದೇ ಬ್ರೌಸರಿನಲ್ಲಾದರೆ ಈ ತೊಂದರೆ ಇರುವುದಿಲ್ಲ.

ಇನ್ನೊಂದು ತೊಂದರೆ ಬೇರೆ ಥರದ್ದು. ಲಿಂಕ್ ತೆರೆಯುತ್ತದೆ, ಆದರೆ 'ಪುಟ ಸಿಗಲಿಲ್ಲ' ಅಂತ ಬರುತ್ತದೆ. ಮೇಲ್ ಅನ್ನು ಹತ್ತಿರದಿಂದ ನೋಡಿ. ನೀಲಿ ಬಣ್ಣ ಸಾಲಿನ ಕೊನೆಗೇ ನಿಂತು, ವಿಳಾಸದ ಬಾಲ ಕೆಳಗಿನ ಸಾಲಿನಲ್ಲಿ ಕಪ್ಪಗೆ ಬಿದ್ದಿರುತ್ತದೆ. ಇದರ ಬೇರು 1928ರಲ್ಲಿದೆ! ಆ ವರ್ಷ ಐಬಿಎಂ ಕಂಪನಿ, ಮಾಹಿತಿಯನ್ನು ತೂತುಗಳಲ್ಲಿ ಬರೆದಿಡುವ 80 ಕಂಬಸಾಲುಗಳ ಕಾರ್ಡ್ ತಂದಿತು; ಒಂದು ಕಂಬಸಾಲಿಗೆ ಒಂದು ಅಕ್ಷರ. ಆಮೇಲೆ ಬಂದ ಎಷ್ಟೋ ಕಂಪ್ಯೂಟರ್ ಪರದೆಗಳೂ 80 ಅಕ್ಷರಕ್ಕೇ ಒಗ್ಗಿಕೊಂಡವು. ಇಮೇಲ್ ನಿಯಮದಲ್ಲಿ ಒಂದು ಸಾಲಿಗೆ 998 ಅಕ್ಷರದವರೆಗೆ ಅವಕಾಶವಿದ್ದರೂ 78 ದಾಟದಿರಲಿ ಎಂಬ ಸಲಹೆ ಇವತ್ತಿಗೂ ಇದೆ. ಹಾಗಾಗಿ ಉದ್ದದ ಲಿಂಕನ್ನು ಕೆಲವು ಪ್ರೋಗ್ರಾಂಗಳು ಅಲ್ಲೇ ಮುರಿಯುತ್ತವೆ. ಎರಡೂ ತುಂಡುಗಳನ್ನು ನೋಟ್‌ಪ್ಯಾಡಿಗೆ ಹಾಕಿ, ನಡುವೆ ಜಾಗ ಬಿಡದೆ ಸೇರಿಸಿ, ಆಮೇಲೆ ಬ್ರೌಸರಿಗೆ ಕೊಡಿ.