ನಂದಿಬೆಟ್ಟದ ನೀಲಗಿರಿ: ಮಿಶ್ರತಳಿ ಎಷ್ಟು, ಹೆಸರು ಎಷ್ಟು?

ಊಟಿಯ ನೀಲಗಿರಿ ಮರವೂ ಕೋಲಾರದ ಹೊಲಗಳಲ್ಲಿರುವ ನೀಲಗಿರಿಯೂ ಒಂದೇ ಅಲ್ಲ. ಊಟಿಯದು ತಂಪು ಬೇಡುವ ಯೂಕಲಿಪ್ಟಸ್ ಗ್ಲಾಬ್ಯುಲಸ್. ನಮ್ಮ ಬಯಲುಸೀಮೆಯದು ಬಹುಪಾಲು ಯೂಕಲಿಪ್ಟಸ್ ಟೆರೆಟಿಕಾರ್ನಿಸ್. ನೇರಳೆ, ಸೀಬೆಗಳ ಕುಟುಂಬಕ್ಕೇ ಸೇರಿದ ಈ ಮರವನ್ನು 1795ರಲ್ಲಿ ಜೇಮ್ಸ್ ಎಡ್ವರ್ಡ್ ಸ್ಮಿತ್ ವಿಜ್ಞಾನಲೋಕಕ್ಕೆ ಪರಿಚಯಿಸಿದರು. ಇದರ ಗುರುತು ಮೊಗ್ಗಿನಲ್ಲಿದೆ. ನೀಲಗಿರಿಯ ಹೂವಿಗೆ ಬಿಡಿ ಎಸಳುಗಳಿಲ್ಲ; ಅವು ಬೆಸೆದು ಮೊಗ್ಗಿಗೆ ಮುಚ್ಚಳವಾಗಿರುತ್ತವೆ. ಟೆರೆಟಿಕಾರ್ನಿಸ್‌ನಲ್ಲಿ ಆ ಮುಚ್ಚಳ ಕೋಡಿನಂತೆ ಉದ್ದ.

ತವರಿನಲ್ಲಿ ಇದರ ಹರವು ದೊಡ್ಡದು. ನ್ಯೂಗಿನಿಯ ದಕ್ಷಿಣ ಭಾಗದಿಂದ ಆಸ್ಟ್ರೇಲಿಯಾದ ಪೂರ್ವ ಅಂಚಿನುದ್ದಕ್ಕೂ ವಿಕ್ಟೋರಿಯಾದವರೆಗೆ, ಸುಮಾರು 6ರಿಂದ 38 ಡಿಗ್ರಿ ದಕ್ಷಿಣ ಅಕ್ಷಾಂಶದವರೆಗೆ ಬೆಳೆಯುತ್ತದೆ. ಇದರ ಹತ್ತಿರದ ಬಂಧು ಕ್ಯಾಮಲ್ಡ್ಯುಲೆನ್ಸಿಸ್ ಒಳನಾಡಿನ ನದಿದಂಡೆಗಳನ್ನು ಹಿಡಿದಿದೆ. ಉತ್ತರ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಇವೆರಡೂ ಎಷ್ಟು ಬೆರೆತಿವೆಯೆಂದರೆ, ಕೆಲವು ಮರಗಳನ್ನು ಯಾವ ಪ್ರಭೇದಕ್ಕೆ ಸೇರಿಸಬೇಕೆಂಬುದೇ ತೊಡಕು. ನೀಲಗಿರಿಯ ಬೇರೆ ಪ್ರಭೇದಗಳಾದ ರೋಬಸ್ಟಾ, ಗ್ರ್ಯಾಂಡಿಸ್‌ಗಳ ಜೊತೆಗೂ ಇದು ಕೂಡುತ್ತದೆ. ಹೂವಿನಲ್ಲಿ ಮೊದಲು ಪರಾಗ ಮಾಗಿ, ಪರಾಗವನ್ನು ಹಿಡಿಯುವ ಹೆಣ್ಣುಭಾಗದ ತುದಿಯಾದ ಶಲಾಕಾಗ್ರ ತಡವಾಗಿ ಸಿದ್ಧವಾಗುವುದರಿಂದ ಬೇರೆ ಹೂವಿನ ಪರಾಗಕ್ಕೆ ಅವಕಾಶ ಹೆಚ್ಚು. ಜೇನ್ನೊಣವಂತೂ ಪ್ರಭೇದ ನೋಡಿ ಹೂವಿಗೆ ಹೋಗುವುದಿಲ್ಲ.

ಟಿಪ್ಪು ಸುಲ್ತಾನನ ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟಕ್ಕೆ ಹಲವು ಬಗೆಯ ನೀಲಗಿರಿಗಳು ಬಂದವೆಂಬುದು ಪ್ರಚಲಿತ ಕಥೆ. ತವರಿನಲ್ಲಿ ದೂರದೂರವಿದ್ದ ಜಾತಿಗಳನ್ನು ಒಂದೇ ಬೆಟ್ಟದಲ್ಲಿ ನೆಟ್ಟರೆ ಬೆರಕೆ ಸಹಜ. ಅಲ್ಲಿನ ಬೀಜದಿಂದ ದೇಶದ ತುಂಬ ಹರಡಿದ ತಳಿಗೆ 'ಮೈಸೂರು ಹೈಬ್ರಿಡ್' ಎಂಬ ಹೆಸರು ಅಂಟಿತು. ಪರೀಕ್ಷಿಸಿ ನೋಡಿದರೆ ಅದರಲ್ಲಿ ಬಹುಪಾಲು ಟೆರೆಟಿಕಾರ್ನಿಸ್ಸೇ. ಬೇರೆ ಜಾತಿಗಳ ಬೆರಕೆ ಅಲ್ಲಲ್ಲಿ ಮಾತ್ರ. ಮಾರಾಟಕ್ಕೆ ಈ ಹೆಸರು ನೆರವಾಗಿರಬಹುದು, ವರ್ಗೀಕರಣಕ್ಕಂತೂ ಅಲ್ಲ.

ಬೇಕೆಂದೇ ಮಾಡಿದ ಮಿಶ್ರತಳಿಗಳೂ ಇವೆ. ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆಯ ಎಫ್‌ಆರ್‌ಐ-4 ಮತ್ತು ಎಫ್‌ಆರ್‌ಐ-5 ಟೆರೆಟಿಕಾರ್ನಿಸ್, ಕ್ಯಾಮಲ್ಡ್ಯುಲೆನ್ಸಿಸ್‌ಗಳನ್ನು ಕೂಡಿಸಿ ಪಡೆದವು. ಮೊದಲ ಪೀಳಿಗೆ ಹುಲುಸಾಗಿ ಬೆಳೆಯುತ್ತದೆ. ಆದರೆ ಅದರ ಬೀಜ ಬಿತ್ತಿದರೆ ಗುಣಗಳು ಚದುರಿ, ಒಂದು ಗಿಡ ಎತ್ತರ, ಪಕ್ಕದ್ದು ಗುಜ್ಜಾರಿಯಾಗುತ್ತದೆ. ಆದ್ದರಿಂದಲೇ ನರ್ಸರಿಗಳು ಆಯ್ದ ಮರದ ಚಿಗುರುಕಡ್ಡಿಗಳನ್ನು ಬೇರೂರಿಸಿ ಒಂದೇ ಬಗೆಯ ಸಸಿಗಳನ್ನು ಮಾಡತೊಡಗಿದವು. ಹೀಗೆ ಒಂದೇ ಅಚ್ಚಿನ ಮರಗಳು ತೋಟ ತುಂಬಿದ ಕಾಲದಲ್ಲೇ, 2000ದ ದಶಕದ ಆರಂಭದಲ್ಲಿ, ಎಲೆಯ ನಡುನರ ಮತ್ತು ತೊಟ್ಟಿನಲ್ಲಿ ಗಂಟು ಬರಿಸುವ ಪುಟ್ಟ ಕಣಜ ಲೆಪ್ಟೊಸೈಬ್ ಇನ್ವೇಸಾ ದಕ್ಷಿಣ ಭಾರತಕ್ಕೆ ಬಂದಿಳಿಯಿತು. ಅದಕ್ಕೆ ರುಚಿಸಿದ್ದು ಟೆರೆಟಿಕಾರ್ನಿಸ್, ಕ್ಯಾಮಲ್ಡ್ಯುಲೆನ್ಸಿಸ್ ಎರಡೂ ಅವುಗಳ ಮಿಶ್ರತಳಿಗಳೂ.